ಎರಡು ಗುಂಡಿನ ನಡುವಿನ ಹಾಡು

ನನ್ನ ಹೆಂಡತಿ ಹಾಡುಗಾರ್ತಿ. ಹೀಗೆಂದ ಕೂಡಲೇ ನಮ್ಮ ಕಡೆಯವರು, ಓಹೋ, ಮದುವೆ ಮನೆಯಲ್ಲಿ ಆರತಿ ಹಾಡು ಹೇಳುವವಳು ಎಂದುಕೊಳ್ಳುತ್ತಾರೆ. ಅದಲ್ಲ. ಅವಳು ಹಾಡುವುದು ಸೋಲ್ ಸಂಗೀತ. ಅಮೆರಿಕದ ಕಪ್ಪು ಜನ ಚರ್ಚಿನ ಹಾಡಿಗೆ ತಮ್ಮ ದುಡಿಮೆಯ ಸಂಕಟವನ್ನೂ ಪ್ರೀತಿಯ ಹುಚ್ಚನ್ನೂ ಬೆರೆಸಿ ಕಟ್ಟಿಕೊಂಡ ಹಾಡುಗಾರಿಕೆ ಅದು. ಒಂದೇ ಪದವನ್ನು ಹಿಡಿದು ಎಳೆದು, ಬಗ್ಗಿಸಿ, ಕೊನೆಗೆ ಕೇಳುವವನ ಗಂಟಲು ಕಟ್ಟುವ ಹಾಗೆ ಮಾಡುವುದು ಅದರ ಕಸುಬು. ಆ ಹೆಸರಿನ ಮೇಲೆ ಕನ್ನಡದಲ್ಲಿ ಎಷ್ಟು ತಮಾಷೆ ಮಾಡಬಹುದೋ ಅಷ್ಟನ್ನೂ ನಮ್ಮೂರಿನವರು ಅವಳ ಮೊದಲ ಆಲ್ಬಮ್ಮಿನ ಹೊತ್ತಿಗೇ ಮಾಡಿ ಮುಗಿಸಿದ್ದಾರೆ. ನಾನು ಮತ್ತೆ ಶುರು ಮಾಡುವುದಿಲ್ಲ.

ನನಗೆ ಸಂಗೀತ ಗೊತ್ತಿಲ್ಲ. ನಾನು ಕಾಫಿ ಬೆಳೆಗಾರ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಬೆಲ್ಟು ಸಡಿಲವಾದರೆ ಸದ್ದಿನಲ್ಲೇ ಹೇಳಬಲ್ಲೆ, ನನ್ನ ಶ್ರುತಿಜ್ಞಾನ ಅಲ್ಲಿಗೆ ಮುಗಿಯಿತು. ಅವಳ ಎರಡನೆಯ ಆಲ್ಬಮ್ಮಿನ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಆದರೆ ಅವರಲ್ಲಿ ಯಾರೂ ನಮ್ಮ ಅಂಗಳದಲ್ಲಿ ಇರಲಿಲ್ಲ, ನಾನಿದ್ದೆ. ಆದ್ದರಿಂದ ನನಗೂ ಒಂದು ಮಾತು ಹೇಳುವ ಹಕ್ಕಿದೆ ಎಂದುಕೊಂಡಿದ್ದೇನೆ.

ಅವಳು ಶನಿವಾರಸಂತೆಯವಳು. ಅವಳಪ್ಪನದು ಸಂತೆಬೀದಿಯಲ್ಲಿ ದಿನಸಿ ಅಂಗಡಿ. ಯಾವುದೋ ಎಸ್ಟೇಟ್ ಬಂಗಲೆ ಖಾಲಿ ಮಾಡಿದಾಗ ಸಾಮಾನು ಕಟ್ಟಲು ಹಳೆ ಪೇಪರು ತಂದರಂತೆ, ಅದರ ಅಡಿಯಲ್ಲಿ ಒಂದು ಪೆಟ್ಟಿಗೆ ಇಂಗ್ಲಿಷ್ ಕ್ಯಾಸೆಟ್ಟುಗಳಿದ್ದವು. ಶಾಲೆ ಬಿಟ್ಟು ಬಂದ ಹುಡುಗಿ ಅಕ್ಕಿ ಮೂಟೆಯ ಮೇಲೆ ಕೂತು ಅವನ್ನು ಕೇಳಿದಳು. ಮಾತು ಅರ್ಥವಾಗದಿದ್ದರೂ ಅಳು ಬಂತಂತೆ. ಅವತ್ತಿನಿಂದ ಹಾಡುತ್ತಿದ್ದಾಳೆ. ನಮ್ಮದು ಪಶ್ಚಿಮದ ಬೆಟ್ಟದ ಅಂಚು, ಮನೆಮಾತು ಅರೆಭಾಷೆ, ಕನ್ನಡದ್ದೇ ಒಂದು ಕವಲು. ಅವರದು ಲಿಂಗ ಕಟ್ಟುವ ಮನೆ, ನಮ್ಮದು ಹಂದಿಸಾರು ಕುದಿಯುವ ಮನೆ. ಆ ಪಾತ್ರೆಯನ್ನು ನಾನೇ ತೊಳೆಯಬೇಕು ಎಂಬುದು ನಮ್ಮ ಮದುವೆಯ ಒಪ್ಪಂದ, ಇವತ್ತಿಗೂ ಜಾರಿಯಲ್ಲಿದೆ. ನನ್ನ ಅವ್ವ ಅವಳನ್ನು ಇಷ್ಟು ವರ್ಷವಾದರೂ 'ಸಂತೆ ಕಡೆ ಗೂಡೆ' ಎನ್ನುತ್ತಾಳೆ. ಗೂಡೆ ಎಂದರೆ ನಮ್ಮ ಮಾತಿನಲ್ಲಿ ಹುಡುಗಿ. ಹುಡುಗಿಗೆ ತಲೆ ಅರ್ಧ ನರೆತಿದೆ.

ಮೊದಲ ಆಲ್ಬಮ್ ಬೆಂಗಳೂರಿನ ಒಳ್ಳೆಯ ಸ್ಟುಡಿಯೋದಲ್ಲಿ, ಪೂರ್ತಿ ಇಂಗ್ಲಿಷಿನಲ್ಲಿ ಆದದ್ದು. ಅದಕ್ಕೆ ಸಿಕ್ಕ ಹೊಗಳಿಕೆ ಸಾಮಾನ್ಯದ್ದಲ್ಲ. ಕಾಫಿ ಗುಡ್ಡದ ನಡುವೆ ಕೂತವಳೊಬ್ಬಳ ದನಿ ಇದು ಎಂದು ನಂಬಲಾಗುವುದಿಲ್ಲ ಎಂದು ಒಬ್ಬರಲ್ಲ, ಬರೆದವರೆಲ್ಲ ಬರೆದರು. ನಾನು ಹಿಗ್ಗಿ ಓದಿ ಹೇಳಿದೆ. ಅವಳು ಬೇಳೆ ಬೇಯಿಸುತ್ತ, "ನಂಬಕ್ಕೆ ಏನ್ರೀ ಕಷ್ಟ ಇವ್ರಿಗೆ? ಗುಡ್ಡದಲ್ಲಿರೋರಿಗೆ ಗಂಟಲು ಇರಲ್ವಾ?" ಅಂದಳು.

ಆದರೆ ಅವಳನ್ನು ನಿಜಕ್ಕೂ ಕೆಣಕಿದ್ದು ಪೇಪರಿನವರಲ್ಲ, ಅವ್ವ. ಒಂದು ಮಧ್ಯಾಹ್ನ ನಾನು ಫೋನು ಹಿಡಿದು ಒಂದು ಹಾಡು ಕೇಳಿಸಿದೆ. ಅವ್ವ ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿದಳು. ಕೇಳಿ, "ಲಾಯ್ಕ ಉಟ್ಟು. ಆದ್ರೆ ಇದ್ ಯಾರಿಗೆ ಹೇಳ್ದು?" ಅಂದಳು. ಚೆನ್ನಾಗಿದೆ, ಆದರೆ ಇದನ್ನು ಯಾರಿಗೆ ಹೇಳುತ್ತಿದ್ದಾಳೆ ಎಂದು ಅವಳ ಪ್ರಶ್ನೆ. ಟೀಕೆ ಮಾಡಬೇಕೆಂದು ಕೇಳಿದ್ದಲ್ಲ, ತಿಳಿಯಬೇಕೆಂದು ಕೇಳಿದ್ದು. ಆ ಪ್ರಶ್ನೆ ನನ್ನ ಹೆಂಡತಿಯೊಳಗೆ ಕೂತುಬಿಟ್ಟಿತು.

ಎರಡನೆಯ ಆಲ್ಬಮ್ಮನ್ನು ಇಲ್ಲೇ, ನಮ್ಮ ಮನೆಯಲ್ಲೇ, ಕನ್ನಡದಲ್ಲೂ ಅರೆಭಾಷೆಯಲ್ಲೂ ಹಾಡುತ್ತೇನೆ ಎಂದು ಅವಳು ಹಟ ಹಿಡಿದಳು. ಕಂಪನಿಯವರು ಬೇಡವೆಂದರು, ಆಮೇಲೆ ಹ್ಞೂಂ ಅಂದರು. ಒಬ್ಬ ರೆಕಾರ್ಡಿಂಗಿನವನನ್ನು ಪೆಟ್ಟಿಗೆಗಳ ಸಮೇತ ಕಳಿಸಿದರು. ಆತ ಮನೆಯ ಕೋಣೆಗಳಲ್ಲೆಲ್ಲ ಚಪ್ಪಾಳೆ ತಟ್ಟುತ್ತ ಓಡಾಡಿ, ಒಂದೂ ಆಗುವುದಿಲ್ಲವೆಂದು ತಲೆಯಾಡಿಸಿ, ಕೊನೆಗೆ ಕಾಫಿ ಗೋದಾಮಿಗೆ ಹೋಗಿ ಅಲ್ಲೇ ನಿಂತುಬಿಟ್ಟ. ಕುಯ್ಲು ಮುಗಿದು ಒಣಗಿಸಿದ ಕಾಫಿ ಮೂಟೆಗಳು ಸೂರಿನವರೆಗೆ ಪೇರಿಸಿದ್ದವು. ಆ ಮೂಟೆಗಳ ನಡುವೆ ನಿಂತು ಮಾತಾಡಿದರೆ ಮಾತು ಎಲ್ಲಿಗೂ ಹೋಗುವುದಿಲ್ಲ, ಬಾಯಿಂದ ಹೊರಟು ಕಿವಿಗೆ ಬರುತ್ತದೆ, ಅಷ್ಟೇ. ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಇಲ್ಲವೆಂದು ಆತ ಹೇಳಿದ.

ಅಲ್ಲಿಂದ ನನ್ನ ಪಾಡು ಶುರುವಾಯಿತು. ಆ ತಿಂಗಳು ಕಾಫಿ ಬೆಲೆ ಏರುತ್ತಿತ್ತು. ವಿರಾಜಪೇಟೆಯ ವ್ಯಾಪಾರಿ ಲಾರಿ ಕಳಿಸಲೇ ಎಂದು ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಫೋನು ಮಾಡುತ್ತಿದ್ದ. ಕೊಡಲಾಗುವುದಿಲ್ಲ, ಅದು ಹೆಂಡತಿಯ ಗೋಡೆ ಎಂದು ನಾನು ಹೇಗೆ ಹೇಳಲಿ? ಇನ್ನೂ ಏರಲಿ ಎಂದು ಕಾಯುತ್ತಿದ್ದೇನೆ ಎಂದೆ. ಈತನಿಗೆ ಏನೋ ಒಳಸುದ್ದಿ ಗೊತ್ತಿದೆ ಎಂದು ಆತ ಹಬ್ಬಿಸಿದ. ಸುತ್ತಲಿನ ಬೆಳೆಗಾರರೂ ಮಾರುವುದನ್ನು ನಿಲ್ಲಿಸಿ ನನ್ನ ಮುಖ ನೋಡತೊಡಗಿದರು. ನನ್ನ ಜೀವಮಾನದಲ್ಲಿ ನಾನು ಇಷ್ಟು ಬುದ್ಧಿವಂತನೆನಿಸಿಕೊಂಡದ್ದು ಅದೊಂದೇ ಸಲ.

ಕೊನೆಯ ಹಾಡಿನ ಸಂಗತಿ ಹೇಳುವ ಮೊದಲು ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಮನೆಮನೆಯಲ್ಲೂ ಕೋವಿ ಇದೆ. ಗಂಡುಮಗು ಹುಟ್ಟಿದರೆ ಅಂಗಳಕ್ಕೆ ಬಂದು ಆಕಾಶಕ್ಕೆ ಒಂದು ಗುಂಡು ಹೊಡೆಯುತ್ತಾರೆ. ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು, ಎರಡು ಗುಂಡು. ಗುಡ್ಡದಿಂದ ಗುಡ್ಡಕ್ಕೆ ಸುದ್ದಿ ಹೀಗೆ ಹೋಗುತ್ತದೆ. ಫೋನು ಬಂದ ಮೇಲೂ ಇದು ನಿಂತಿಲ್ಲ. ಹೆಣ್ಣುಮಗುವಿಗೆ ಗುಂಡಿಲ್ಲ. ಆ ಬಗ್ಗೆ ನನ್ನ ಹೆಂಡತಿಗೆ ಒಂದು ಅಭಿಪ್ರಾಯವಿದೆ, ಅದನ್ನು ಬರೆಯಲು ಹೊರಟರೆ ಪುಟ ಸಾಲದು. ಒಟ್ಟಿನಲ್ಲಿ ಒಂದು ಗುಂಡು ಕೇಳಿದರೆ ಯಾರ ಮನೆಯಲ್ಲಿ ಎಂದು ನಗುತ್ತ ಕೇಳುತ್ತೇವೆ. ಎರಡು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತೇವೆ. ಮದುವೆಗೆ ಕರೆಯಬೇಕು, ಸಾವಿಗೆ ಯಾರೂ ಕರೆಯುವುದಿಲ್ಲ. ಹೋಗುವುದು, ಅಷ್ಟೇ.

ಕೊನೆಯ ಹಾಡು ಅರೆಭಾಷೆಯದು. ಒಬ್ಬಳು ಹೆಂಗಸು ಅಂಗಳದಲ್ಲಿ ನಿಂತಿದ್ದಾಳೆ. ಕಣಿವೆಯ ಆಚೆಯಿಂದ ಯಾರೋ ಕೂಗುತ್ತಿದ್ದಾರೆ. ಯಾರು, ಯಾಕೆ ಎಂದು ಅವಳಿಗೆ ಗೊತ್ತಾಗುವುದಿಲ್ಲ, ಓ ಎಂದು ಓಗೊಡುತ್ತಾಳೆ. ಹಾಡು ಇಷ್ಟೇ. ವಾದ್ಯ ಎಂದರೆ ಒಂದು ಗಿಟಾರು, ಅದೂ ಮೆಲ್ಲಗೆ. ಅವಳು ಪಿಸುಮಾತಿನ ಹಾಗೆ ಹಾಡಬೇಕೆಂದುಕೊಂಡಿದ್ದಳು. ಬೆಳಗ್ಗಿನಿಂದ ಹಾಡಿದರೂ ಅವಳಿಗೆ ಸಮಾಧಾನವಾಗಿರಲಿಲ್ಲ. ಸೆಕೆಗೆ ಉಸಿರು ಕಟ್ಟುತ್ತದೆ ಎಂದು ಗೋದಾಮಿನ ಬಾಗಿಲನ್ನು ಅರ್ಧ ತೆರೆಸಿದಳು. ರೆಕಾರ್ಡಿಂಗಿನವನು ಗೊಣಗಿದ. ನಾನು ಬಾಗಿಲ ಬಳಿ ನಾಯಿಯ ಬಾಯಿ ಮುಚ್ಚಿ ಹಿಡಿದು ಕೂತಿದ್ದೆ, ನನ್ನ ಪಾಲಿನ ಸಂಗೀತಸೇವೆ ಅದು.

ಅವಳು ಮೊದಲ ಚರಣ ಮುಗಿಸಿ ಉಸಿರೆಳೆದುಕೊಳ್ಳುವಾಗ ಎದುರು ಗುಡ್ಡದಿಂದ ಒಂದು ಗುಂಡಿನ ಸದ್ದು ಬಂತು.

ಎದುರು ಗುಡ್ಡದ ಮನೆಯ ಸೊಸೆ ತುಂಬುಗರ್ಭಿಣಿ, ತವರಿಗೆ ಹೋಗಿದ್ದಳು. ಅದು ನಮಗೆಲ್ಲ ಗೊತ್ತಿತ್ತು. ನನ್ನ ಮುಖ ಅರಳಿತು. ಅವಳೂ ಹಾಡುತ್ತಲೇ ನನ್ನ ಕಡೆ ನೋಡಿ ನಕ್ಕಳು. ಆ ನಗು ದನಿಗೆ ಬಂತು. ಸಂಗೀತ ತಿಳಿಯದ ನನಗೂ ಗೊತ್ತಾಯಿತು, ಮುಂದಿನ ಸಾಲುಗಳಲ್ಲಿ ಅವಳು ಓಗೊಡುವಾಗ, ಆಚೆ ಗುಡ್ಡದ ಮನೆಗೆ ಮಗು ಹುಟ್ಟಿದೆ ಎಂದು ಕೂಗಿ ಹೇಳುವ ಸಂತೋಷವೇ ಅದರಲ್ಲಿತ್ತು. ಅಡುಗೆಮನೆಯಲ್ಲಿ ಅವ್ವ ಆಗಲೇ ಪಾಯಸಕ್ಕೆ ಬೆಲ್ಲ ಹುಡುಕುತ್ತಿದ್ದಳು. ಹಾಡು ಸಾಗಿ ಇನ್ನೇನು ಆ ಚರಣ ಮುಗಿಯಬೇಕು ಎನ್ನುವಾಗ ಎರಡನೆಯ ಗುಂಡು ಬಂತು.

ಅವಳು ಒಂದು ಕ್ಷಣ ನಿಂತಳು. ಆಮೇಲೆ ಹಾಡಿ ಮುಗಿಸಿದಳು. ಆ ಕೊನೆಯ ಸಾಲುಗಳನ್ನು ಅವಳು ಹೇಗೆ ಹಾಡಿದಳೆಂದು ಬರೆಯಲು ನನಗೆ ಬರುವುದಿಲ್ಲ. ಯಾರು ಕೂಗುತ್ತಿದ್ದಾರೆ, ಯಾಕೆ ಎಂದು ಈಗ ಅವಳಿಗೆ ಗೊತ್ತಾಗಿತ್ತು.

ಆದದ್ದು ಇಷ್ಟು. ಸೊಸೆಗೆ ಇನ್ನೂ ಹೆರಿಗೆಯೇ ಆಗಿರಲಿಲ್ಲ. ಎದುರು ಮನೆಯ ಅಜ್ಜ ತೀರಿಕೊಂಡಿದ್ದರು. ತುಂಬು ವಯಸ್ಸು, ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ಮಗ, ನನ್ನ ಜೊತೆ ಶಾಲೆಗೆ ಹೋದವನು, ಒಂಟಿ ನಳಿಗೆಯ ಕೋವಿ ತಂದು ಒಂದು ಗುಂಡು ಹೊಡೆದ. ಎರಡನೆಯ ಸಲ ಕೋವಿಗೆ ತುಂಬಿದ ತೋಟೆ ಹಳೆಯದು, ಸಿಡಿಯಲಿಲ್ಲ. ಅದನ್ನು ಕಿತ್ತು, ಒಳಗೆ ಹೋಗಿ ಬೇರೆ ತೋಟೆ ಹುಡುಕಿ ತಂದು ಹೊಡೆಯುವಷ್ಟರಲ್ಲಿ ಊರಿಗೆ ಊರೇ ಗಂಡುಮಗುವಿಗೆ ಸಂತೋಷಪಟ್ಟು ಆಗಿತ್ತು. ಪಾಪ, ಆಮೇಲೆ ಅವನನ್ನು ಜನ ಬಿಡಲಿಲ್ಲ. ಅಪ್ಪನನ್ನು ಕಳಿಸುವ ಮೊದಲು ಇನ್ನೊಂದು ಸಲ ಹುಟ್ಟಿಸಿದವನು ಎಂದು ಹೋದಲ್ಲಿ ಬಂದಲ್ಲಿ ಛೇಡಿಸಿದರು. ಅವನು ನಗುತ್ತಿದ್ದ. ಅಪ್ಪನ ಕೊನೆಯ ಮರ್ಯಾದೆಯನ್ನೇ ಕೆಡಿಸಿದೆ ಎಂಬ ನೋವು ಅವನಿಗಿತ್ತು ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಅಜ್ಜನ ಸಂಸ್ಕಾರ ಮುಗಿಸಿ ಬಂದ ಮೇಲೆ ಅವಳು ಅದೇ ಹಾಡನ್ನು ಮತ್ತೆ ಎಷ್ಟೋ ಸಲ ಹಾಡಿದಳು. ಎಲ್ಲವೂ ಶುದ್ಧ, ಯಾವುದರಲ್ಲೂ ಜೀವವಿಲ್ಲ. ರೆಕಾರ್ಡಿಂಗಿನವನು ಆ ಮೊದಲಿನದ್ದರಲ್ಲಿ ಪಟಾಕಿ ಸದ್ದು ಬಂದಿದೆ, ಬೇಡ ಎಂದ. ಅವಳು ಅದೇ ಬೇಕು ಎಂದಳು. ಸಾವಿನ ಗುಂಡನ್ನು ಆ ಮನೆಯವರನ್ನು ಕೇಳದೆ ಹಾಡಿಗೆ ಹಾಕಬಾರದು ಎಂದು ನಾನು ಜಗಳಕ್ಕೆ ನಿಂತೆ. ಅದು ಸರಿ ಎಂದು ಒಪ್ಪಿ, ತಿಥಿ ಕಳೆದ ಮೇಲೆ ಎದುರು ಗುಡ್ಡಕ್ಕೆ ಹೋಗಿ ಕೇಳಿದಳು. ಅಜ್ಜನ ಮಗ ಕಾಫಿ ಕೊಟ್ಟು, "ನಿಮ್ಮ ಹಾಡ್‌ಲಿ ಎಂಥ ಬೇಕಾರೂ ಹಾಕೊಳ್ಳಿ ಅಕ್ಕ, ನಂಗೆ ಅದೆಲ್ಲ ಗೊತ್ಲೆ," ಅಂದನಂತೆ, ಅದೆಲ್ಲ ಗೊತ್ತಿಲ್ಲ ಎಂದು. ಅವನು ಹಾಡನ್ನೂ ಕೇಳಲಿಲ್ಲ, ವಿಷಯವನ್ನೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಮುಂದಿನ ವರ್ಷ ಆಲ್ಬಮ್ ಬಂತು. ನಗರದವರ ಕೈಗೆ ಹೋಯಿತು. ಈ ಸಲ ಹೊಗಳಿಕೆಗೆ ಬರ. ಮೊದಲನೆಯದರ ಆ ದೊಡ್ಡ ದನಿ ಎಲ್ಲಿ ಹೋಯಿತು ಎಂದು ಒಬ್ಬರು ಕೇಳಿದರು. ಇನ್ನೊಬ್ಬರು, ಗಾಯಕಿ ತನ್ನ ಅಂಗಳದಲ್ಲೇ ದಾರಿ ತಪ್ಪಿದ್ದಾರೆ ಎಂದು ಬರೆದರು. ಕೊನೆಯ ಹಾಡಿನ ಗುಂಡುಗಳು ತಾಳಕ್ಕೆ ಸರಿಯಾಗಿ ಬಿದ್ದಿಲ್ಲ ಎಂದು ಒಬ್ಬ ಮಹಾಶಯರು ತಪ್ಪು ಹಿಡಿದರು. ಮೆಚ್ಚಿದ ಒಬ್ಬರೇ ಒಬ್ಬರು ಆ ಗುಂಡುಗಳು ನೆಲದ ಮೇಲಿನ ಹಿಂಸೆಯ ಸಂಕೇತ ಎಂದು ಉದ್ದಕ್ಕೆ ಬರೆದಿದ್ದರು. ಅದನ್ನು ಓದಿ ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನಕ್ಕಿದ್ದೇನೋ ನಿಜ, ಆದರೆ ಕೆಲವು ದಿನ ಕಳೆದ ಮೇಲೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಬೆಳಗ್ಗೆ ಕಾಫಿ ಸೋಸುವಾಗ ಅವಳು ಗುನುಗುತ್ತಿರಲಿಲ್ಲ. ಮದುವೆಯಾದಾಗಿನಿಂದ ನಾನು ಎದ್ದದ್ದು ಆ ಗುನುಗಿಗೆ. ಈಗ ಸೌಟಿನ ಸದ್ದಿಗೆ ಏಳುತ್ತಿದ್ದೆ. ನನಗೆ ಅದನ್ನು ಸಹಿಸಲಾಗಲಿಲ್ಲ.

ಅಷ್ಟರಲ್ಲಿ ಕಂಪನಿಯವರು ಮೂರನೆಯದು ಮಾಡುತ್ತೀರಾ, ಇಲ್ಲವಾ, ಒಂದು ಮಾತು ಹೇಳಿ ಎಂದು ಕೇಳಿದರು. ಅವಳು ನನಗೆ ಹೇಳಿದಳು, "ಪೇಟೆಯೋರು ಬೈದಿದ್ಕೆ ನಂಗೇನೂ ಬೇಜಾರಿಲ್ಲ ಕಣ್ರೀ. ಅವ್ರಿಗೆ ಅಂತ ಹಾಡಿದ್ದಲ್ಲ ಅದು. ಆದ್ರೆ ಯಾರಿಗೆ ಹಾಡಿದ್ನೋ ಅವ್ರೂ ಕೇಳ್ಲಿಲ್ಲ. ಭಾನುವಾರ ಊರೋರನ್ನೆಲ್ಲ ಅಂಗಳಕ್ಕೆ ಕರ್ದು ಒಂದ್ಸಲ ಕೇಳಿಸ್ತೀನಿ. ಅವ್ರಿಗೂ ಬೇಡ ಅಂದ್ರೆ ಸಾಕು, ನಿಲ್ಲಿಸ್ತೀನಿ." ಅವಳು ಸುಮ್ಮನೆ ಹೇಳುವವಳಲ್ಲ. ನನಗೆ ಭಯವಾಯಿತು.

ನಾನು ಮನೆಮನೆಗೆ ಹೋಗಿ ಕರೆದೆ. ಬರ್ತೇವೆ ಬರ್ತೇವೆ ಎಂದರು. ಮದುವೆಗೆ ಸೌಂಡ್ ಬಾಕ್ಸ್ ಕೊಡುವವನನ್ನು ಕರೆಸಿ ಅಂಗಳದ ಅಂಚಿನಲ್ಲಿ ಎರಡು ದೊಡ್ಡ ಪೆಟ್ಟಿಗೆ ನಿಲ್ಲಿಸಿದೆ. ಕುರ್ಚಿ ಹಾಕಿದೆ. ಅವಳು ಒತ್ತುಶಾವಿಗೆ, ಕಾಯಿಹಾಲು, ದೊಡ್ಡ ಪಾತ್ರೆಯಲ್ಲಿ ಕಾಫಿ ಮಾಡಿದಳು. ಭಾನುವಾರ ಮಧ್ಯಾಹ್ನವಾಯಿತು. ಬಂದವರು ಯಾರೆಂದರೆ ತೋಟದ ಕೆಲಸಗಾರರ ಲೈನ್ ಮನೆಯಿಂದ ಇಬ್ಬರು ಹೆಂಗಸರು ಮತ್ತು ಊಟ ಎಲ್ಲಿದ್ದರೂ ಬರುವ ನಮ್ಮ ದಾಯಾದಿಯೊಬ್ಬ. ನಮ್ಮ ಕಡೆಯ ಕುಟುಂಬಗಳು ಒಂದೊಂದು ತಂಡವಾಗಿ ಆಡುವ ಕ್ರಿಕೆಟ್ ಪಂದ್ಯ ಅವತ್ತು ಟಿವಿಯಲ್ಲಿತ್ತು. ಉಳಿದವರು ಮೊದಲ ಮಳೆ ಬಿದ್ದ ತೋಟದಲ್ಲಿ ಕಾಫಿ ಹೂವು ನೋಡುತ್ತಿದ್ದರು. ಖಾಲಿ ಕುರ್ಚಿಗಳನ್ನು ನೋಡಿ ನಾನು ಊರನ್ನೆಲ್ಲ ಮನಸ್ಸಿನಲ್ಲಿ ಚೆನ್ನಾಗಿ ಬೈದೆ.

"ಇರ್ಲಿ ಬಿಡ್ರಿ, ಹಾಕಿ," ಅಂದಳು ಹೆಂಡತಿ. ನಡುವೆ ಯಾರದ್ದಾದರೂ ಫೋನು ಬಂದು ಹಾಡು ನಿಲ್ಲಬಾರದೆಂದು ನನ್ನ ಫೋನಿನ ಕರೆ ಬಂದ್ ಮಾಡಿ ಅದನ್ನೇ ಬಾಕ್ಸಿಗೆ ಸಿಕ್ಕಿಸಿದೆ. ಅವಳದನ್ನೂ ಆಫ್ ಮಾಡಿದೆ. ಅವ್ವ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಾಡುಗಳು ಒಂದೊಂದಾಗಿ ಹೋದವು. ದಾಯಾದಿ ಎರಡನೆಯ ತಟ್ಟೆ ಶಾವಿಗೆ ಮುಗಿಸಿದ. ಕೊನೆಯ ಹಾಡು ಬರುವಾಗ, ಇದರ ದನಿ ತೀರ ಸಣ್ಣ, ಏನೂ ಕೇಳುವುದಿಲ್ಲ ಎಂದು ಸೌಂಡ್ ಬಾಕ್ಸಿನವನು ತಾನಾಗಿಯೇ ವಾಲ್ಯೂಮು ತಿರುಗಿಸಿದ. ಎಷ್ಟು ತಿರುಗಿಸಿದನೆಂದರೆ ಮೊದಲ ಗುಂಡಿಗೆ ನಾಯಿ ಮಂಚದ ಅಡಿ ಹೊಕ್ಕಿತು. ಎರಡನೆಯದು ಎದುರು ಗುಡ್ಡಕ್ಕೆ ಬಡಿದು ವಾಪಸು ಬಂತು.

ಹಾಡು ಮುಗಿಯಿತು. ಲೈನ್ ಮನೆಯ ಹೆಂಗಸರು ಸಂಕೋಚದಿಂದ ಚಪ್ಪಾಳೆ ತಟ್ಟಿದರು. ಅವಳು ನನ್ನ ಕಡೆ ನೋಡಿ, "ಆಯ್ತಲ್ಲ, ಇಷ್ಟೇ," ಎಂದು ಹೇಳಿ ಲೋಟ ಎತ್ತಲು ಒಳಗೆ ಹೋದಳು. ನಾನು ಕುರ್ಚಿ ಮಡಚತೊಡಗಿದೆ. ಅಷ್ಟು ದುಃಖ ನನಗೆ ಬೆಳೆ ಹಾಳಾದಾಗಲೂ ಆಗಿರಲಿಲ್ಲ.

ಅರ್ಧ ಕುರ್ಚಿ ಮಡಚಿರಲಿಲ್ಲ, ಗೇಟಿನ ಹತ್ತಿರ ಜೀಪು ಬಂತು. ಅದರ ಹಿಂದೆ ಬೈಕು. ಅದರ ಹಿಂದೆ ಕಾಲುದಾರಿಯಲ್ಲಿ ಜನ. ಗಂಡಸರು ಬಿಳಿ ಬಟ್ಟೆ ಉಟ್ಟಿದ್ದರು, ಹೆಂಗಸರು ಸೆರಗು ಬಾಯಿಗೆ ಹಿಡಿದಿದ್ದರು. ಒಬ್ಬನ ಕೈಯಲ್ಲಿ ಗರಗಸವಿತ್ತು. ಅವನು ನನ್ನ ಹೆಗಲ ಮೇಲೆ ಕೈಯಿಟ್ಟು, "ಧೈರ್ಯ ತಕೊ," ಎಂದು ಹೇಳಿ ನೇರ ಹಿತ್ತಲಿಗೆ ಹೋಗಿ ನಮ್ಮ ಮಾವಿನ ಮರವನ್ನು ಕೆಳಗಿನಿಂದ ಮೇಲಿನವರೆಗೆ ನೋಡತೊಡಗಿದ. ಚಿತೆಯ ಸೌದೆಗೆ ಯಾವ ಕೊಂಬೆ ಎಂದು ಲೆಕ್ಕ ಹಾಕುತ್ತಿದ್ದಾನೆಂದು ನನಗೆ ಆಗ ಹೊಳೆಯಿತು.

ಆ ಪಿಸುದನಿಯ ಹಾಡು ನಮ್ಮ ಗೇಟು ದಾಟಿರಲಿಲ್ಲ. ಆದರೆ ಎರಡು ಗುಂಡು ಮಾತ್ರ ಇಡೀ ಕಣಿವೆಗೆ ಕೇಳಿಸಿತ್ತು. ಎರಡರ ನಡುವೆ ಎಷ್ಟು ಹೊತ್ತಾಯಿತೆಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ನಮ್ಮ ಮನೆಯ ದಿಕ್ಕು, ಮನೆಯಲ್ಲಿ ಎಂಬತ್ತು ದಾಟಿದ ಮುದುಕಿ, ಫೋನು ಮಾಡಿದರೆ ಇಬ್ಬರದ್ದೂ ಬಂದ್. ಇನ್ನೇನು ಬೇಕು? ಕ್ರಿಕೆಟ್ಟನ್ನು ಅರ್ಧಕ್ಕೆ ಬಿಟ್ಟು ಊರೆಲ್ಲ ಎದ್ದು ಬಂದಿತ್ತು.

ಮುಂದೆ ಬಂದ ಹೆಂಗಸೊಬ್ಬಳು ಜಗಲಿಯ ಮೆಟ್ಟಿಲಲ್ಲಿ ಅಳಲು ಬಾಯಿ ತೆರೆದವಳು, ಅವ್ವನನ್ನು ನೋಡಿ ಹಾಗೇ ನಿಂತಳು. ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಬಾ, ಕೂರ್," ಅಂದಳು. "ಇಷ್ಟ್ ಜನ ಎಲ್ಲಿಗೆ ಹೊರಟದ್? ಯಾರ್ ಸತ್ತದ್?"

"ನೀವೇ ಅಂತ ಗ್ರೇಸಿದ್ದೊ ಅವ್ವ," ಎಂದಳು ಆಕೆ. ಹಾಗೆ ಅಂದುಕೊಂಡಿದ್ದೆವು ಎಂದು ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತೇ ಎಂದು ನನಗೆ ಈಗಲೂ ಅನುಮಾನ.

ನಾನು ತೊದಲುತ್ತ ನಡೆದದ್ದು ಹೇಳಿದೆ. ಕೆಲವರು ನಕ್ಕರು. ಆದರೆ ಊರಿನ ಹಿರಿಯರೊಬ್ಬರು ನಗಲಿಲ್ಲ. "ಸಾವಿನ ಗುಂಡು ಆಟದ ಸಾಮಾನಲ್ಲ," ಎಂದರು. ಅವರು ಹೇಳಿದ್ದು ನ್ಯಾಯವೇ. ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ನನ್ನ ಹೆಂಡತಿ ತಪ್ಪಾಯಿತು ಎನ್ನಲು ಮುಂದೆ ಬಂದಳು. ಅಲ್ಲಿಗೆ ಅವಳ ಹಾಡಿನ ಕತೆ ಮುಗಿಯಿತು ಎಂದೇ ನಾನು ತಿಳಿದೆ.

ಅವ್ವ ಎಲೆಯನ್ನು ಬಾಯಿಗಿಟ್ಟುಕೊಂಡು, ಅವಸರವಿಲ್ಲದೆ ಜಗಿದು, ಹಿರಿಯರ ಕಡೆ ತಿರುಗಿದಳು. "ನಾ ಸತ್ತರೆ ಸಂಜೆವರೆಗೆ ಕೂರಿಕೆ ಪುರುಸೊತ್ತು ಮಾಡ್ಕಂಡ್ ಬಂದಿದ್ದರಿ. ನಾ ಬದ್ಕಿ ಒಳೆ ಅಂತ ಎದ್ದ್ ಹೋದರಿಯಾ? ಹಾಡಿಗೆ ಕರ್ದರೆ ಒಬ್ಬನೂ ಇಲ್ಲೆ. ಕೂರಿ ಎಲ್ಲ. ಈ ಸಂತೆ ಕಡೆ ಗೂಡೆ ನಮ್ಮ ಮಾತ್‌ಲಿ ಎಂಥ ಹೇಳ್ದು ಅಂತ ಕೇಳಿ."

ಸತ್ತರೆ ಸಂಜೆವರೆಗೆ ಕೂರಲು ಬಂದವರು ಬದುಕಿದ್ದೇನೆಂದು ಎದ್ದು ಹೋಗುತ್ತೀರಾ ಎಂದು ಅವಳ ನ್ಯಾಯ. ಸತ್ತಿದ್ದಾಳೆ ಎಂದುಕೊಂಡವಳ ಮಾತನ್ನು ಮೀರುವುದು ಹೇಗೆ? ಕೂತರು. ಕುರ್ಚಿ ಸಾಲದೆ ಕಾಫಿ ಒಣಗಿಸುವ ಕಣದ ಮೇಲೂ ಕೂತರು. ಗರಗಸದವನೂ ಹಿತ್ತಲಿನಿಂದ ಬಂದು ಕೂತ. ನಾನು ಮೊದಲಿನಿಂದ ಹಾಕಿದೆ, ವಾಲ್ಯೂಮಿನ ಹತ್ತಿರ ನಾನೇ ನಿಂತೆ.

ಸಾವಿನ ಮನೆಗೆಂದು ಬಂದವರ ಹಾಗೆ ಯಾವ ಸಭೆಯೂ ಹಾಡು ಕೇಳಲಾರದು. ಯಾರಿಗೂ ಬೇರೆ ಕೆಲಸವಿರಲಿಲ್ಲ, ಯಾರೂ ಫೋನು ತೆಗೆಯಲಿಲ್ಲ. ಮೊದಮೊದಲು ಬಿಗಿಯಾಗಿ ಕೂತವರು ಮೆಲ್ಲಗೆ ಸಡಿಲವಾದರು. ಕಾಫಿ ಕುಯ್ಯುವಾಗ ಕೆಂಪಿರುವೆ ಕಚ್ಚುವ ಒಂದು ಹಾಡಿದೆ, ಅದಕ್ಕೆ ಹೆಂಗಸರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಬಸ್ಸು ತಪ್ಪಿದವಳ ಹಾಡಿಗೆ ನಮ್ಮ ದಾಯಾದಿ ತಲೆದೂಗಿದ. ಕೊನೆಯ ಹಾಡು ಬಂತು.

ಮೊದಲ ಗುಂಡು ಕೇಳಿತು. ಎರಡನೆಯದಕ್ಕೆ ಎಲ್ಲರೂ ಕಾದರು, ಬರಲಿಲ್ಲ. ಹಾಡು ನಗುತ್ತ ಮುಂದೆ ಹೋಯಿತು. ಎದುರು ಗುಡ್ಡದ ನನ್ನ ಗೆಳೆಯ ಕೂತಲ್ಲಿಂದ ಎದ್ದು ನಿಂತ. "ಅದ್ ನನ್ನ ಕೋವಿ," ಅಂದ. ಅಷ್ಟು ಹೊತ್ತು ತಡವಾಗುವ ಎರಡನೆಯ ಗುಂಡು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಎಲ್ಲರೂ ಗೊಳ್ಳೆಂದು ನಕ್ಕರು. ನಗುತ್ತಿರುವಾಗಲೇ ಅವರ ಕಿವಿಗೆ ಅವಳ ದನಿ ಬಿತ್ತು. ಅವತ್ತು ಆ ಹೊತ್ತಿನಲ್ಲಿ ನಾವೆಲ್ಲ ನಮ್ಮ ನಮ್ಮ ತೋಟದಲ್ಲಿ, ಅಡುಗೆಮನೆಯಲ್ಲಿ ನಿಂತು ಪಟ್ಟ ಸಂತೋಷ ಅದರಲ್ಲಿ ಹಾಗೇ ಇತ್ತು. ನಗು ತಾನಾಗಿಯೇ ನಿಂತಿತು. ಎರಡನೆಯ ಗುಂಡು ಬಂದಾಗ ಅಂಗಳದಲ್ಲಿ ಯಾರೂ ಅಲ್ಲಾಡಲಿಲ್ಲ. ಹಾಡು ಮುಗಿದ ಮೇಲೂ ಅಲ್ಲಾಡಲಿಲ್ಲ. ಆಟದ ಸಾಮಾನಲ್ಲ ಎಂದಿದ್ದ ಹಿರಿಯರು ಟವೆಲಿನಿಂದ ಮುಖ ಒರೆಸಿಕೊಂಡರು. ನಾನೂ ಅತ್ತೆ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಗೆಳೆಯ ಇನ್ನೂ ನಿಂತೇ ಇದ್ದ. "ಇನ್ನೊಂದ್ ಸಲ ಹಾಕ್," ಅಂದ. ಹಾಕಿದೆ. ಕೇಳಿ ಮುಗಿಸಿ ಅವನು ನನ್ನ ಹೆಂಡತಿಯ ಹತ್ತಿರ ಹೋಗಿ, "ಅಪ್ಪನ್ನ ಸರಿಯಾಗಿ ಕಳ್ಸಿಕೆ ಆತ್‌ಲೆ ಅಂತ ಇತ್ತ್ ಅಕ್ಕ. ಊರು ಇಷ್ಟ್ ಕುಶಿ ಪಟ್ಟದ್ ನಂಗೆ ಗೊತ್ಲೆ," ಅಂದ. ಅವಳು ಕೈಯಲ್ಲಿದ್ದ ಲೋಟಕ್ಕೆ ಕಾಫಿ ಬಗ್ಗಿಸಿ ಅವನಿಗೆ ಕೊಟ್ಟಳು. ಆಮೇಲೆ ಎಲ್ಲರಿಗೂ ಕೊಟ್ಟಳು. ಶಾವಿಗೆ ಸಾಲಲಿಲ್ಲ, ಲೈನ್ ಮನೆಯ ಹೆಂಗಸರು ಸೇರಿ ಅನ್ನಕ್ಕೆ ಇಟ್ಟರು. ಸಾವಿಗೆ ಬಂದವರು ಹೊರಟು ಹೋಗುವಾಗ ಅವ್ವನಿಗೆ, ಹೀಗೇ ಆಗಾಗ ಸಾಯುತ್ತಿರಿ ಎಂದು ಹೇಳಿ ಹೋದರು.

ಎಲ್ಲರೂ ಹೋದ ಮೇಲೆ ನಾವು ಮೂವರೇ ಜಗಲಿಯಲ್ಲಿ ಕೂತಿದ್ದೆವು. ಯಾರಿಗೆ ಹೇಳುವುದು ಎಂದು ಮೊದಲ ಆಲ್ಬಮ್ಮಿಗೆ ಕೇಳಿದ ಅವ್ವ ಈ ಸಲ ಏನು ಕೇಳುತ್ತಾಳೋ ಎಂದು ನಾನು ಕಾಯುತ್ತಿದ್ದೆ.

"ನಾ ಹೋದಾಗ ನೀ ಕೋವಿ ಹುಡ್ಕಿಕೆ ಹೋಗ್ಬೇಡ," ಎಂದಳು ನನಗೆ. "ಇದ್ನೇ ಹಾಕ್. ಈ ತೋಟೆ ಕೈ ಕೊಡ್ದುಲೆ."

ನನ್ನ ಹೆಂಡತಿ ತಲೆಯೆತ್ತಿದಳು. "ಇದು ಎದುರು ಮನೆ ಅಜ್ಜಂದು ಅತ್ತೆ," ಅಂದಳು. "ನಿಮಗೆ ಅಂತ ಬೇರೆ ಹಾಡ್ತೀನಿ."

ಅವ್ವ ಒಂದು ಕ್ಷಣ ಅವಳ ಮುಖ ನೋಡಿದಳು. "ಹಾಡ್," ಅಂದಳು. "ನಿಧಾನಕ್ಕೆ ಹಾಡ್. ನಂಗೆ ಅರ್ಜೆಂಟ್ ಇಲ್ಲೆ."

ಮರುದಿನ ಬೆಳಗ್ಗೆ ನಾನು ಗುನುಗಿಗೆ ಎದ್ದೆ. ಹೊಸ ರಾಗ, ಮೊದಲು ಕೇಳಿದ್ದಲ್ಲ.